ಹೂವನ್ನು ಕೀಳದೆ ಹತ್ತಿರದಿಂದ ಕಾಣುವುದು

ಹೂವನ್ನು ಕಂಡೊಡನೆ ಕೀಳಲು ಕೈ ಚಾಚುವುದು ನಮ್ಮಲ್ಲಿ ಬಹುಮಂದಿಗೆ ಬಾಲ್ಯದಿಂದಲೇ ಬಂದ ಅಭ್ಯಾಸ. ಪೂಜೆಗೆ ಹೂ ಬೇಕು, ಮುಡಿಯಲು ಬೇಕು, ಮದುವೆಯ ಮಂಟಪಕ್ಕೆ ಬೇಕು. ಇದಾವುದೂ ಇಲ್ಲದಿದ್ದರೆ ಒಮ್ಮೆ ಮೂಸಿ ಎಸೆಯುವುದಕ್ಕಾದರೂ ಬೇಕು. ನಮ್ಮ ಶ್ರಾವಕಾಚಾರ ಗ್ರಂಥಗಳು ಈ ಕೊನೆಯ ಬಗೆಯನ್ನು ಮರೆತಿಲ್ಲ. ಗೃಹಸ್ಥನು ಸ್ಥಾವರ ಜೀವಗಳ ಹಿಂಸೆಯಿಂದ ಪೂರ್ಣವಾಗಿ ಪಾರಾಗಲಾರ. ಅಡಿಗೆ, ಬೇಸಾಯ, ಮನೆ ಕಟ್ಟುವುದು ಇವೆಲ್ಲದರಲ್ಲಿಯೂ ಅದು ಸೇರಿಯೇ ಇರುತ್ತದೆ. ಆದರೆ ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕತ್ತರಿಸುವುದು, ಸುಮ್ಮನೆ ಅಲೆಯುವುದು ಇವನ್ನು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂದು ಕರೆದು, ಅನರ್ಥದಂಡದ ಐದು ಬಗೆಗಳಲ್ಲಿ ಒಂದಾಗಿ ಎಣಿಸಿದ್ದಾರೆ.

ಇಂದು ಮನೆಮನೆಯಲ್ಲಿಯೂ ಕ್ಯಾಮರಾ ಇರುವ ಮೊಬೈಲ್ ಫೋನು ಇದೆ. ಹೂವಿನ ಚಿತ್ರ ತೆಗೆಯದವರು ವಿರಳ. ಚಿತ್ರ ತೆಗೆಯುವುದರಿಂದ ಹೂವಿಗೆ ಏನೂ ಆಗುವುದಿಲ್ಲವಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಹತ್ತಿರದಿಂದ ತೆಗೆಯುವ ಚಿತ್ರದ ಸಂಗತಿ ಅಷ್ಟು ಸರಳವಲ್ಲ. ಗಾಳಿಗೆ ಅಲುಗಬಾರದೆಂದು ಹೂವನ್ನು ಕಿತ್ತು ಕೋಣೆಯೊಳಗೆ ತರುವುದು, ದಂಟನ್ನು ತಂತಿಯಿಂದ ಬಿಗಿಯುವುದು, ಹಿಂದಿನ ಹುಲ್ಲನ್ನು ಕಿತ್ತೆಸೆದು ಹಿನ್ನೆಲೆಯನ್ನು ಚೊಕ್ಕಟಗೊಳಿಸುವುದು ಈ ಹವ್ಯಾಸದಲ್ಲಿ ಸಾಮಾನ್ಯವಾದ ಉಪಾಯಗಳು. ಒಂದು ಚಿತ್ರಕ್ಕಾಗಿ ಮಾಡುವ ಈ ಛೇದನಕ್ಕೆ ಅನರ್ಥದಂಡವೆಂಬ ಹೆಸರಲ್ಲದೆ ಬೇರೆ ಯಾವ ಹೆಸರನ್ನು ಕೊಡಬಹುದು? ಕೀಳದೆ, ಕಟ್ಟದೆ, ತುಳಿಯದೆ, ಅಲ್ಪ ಸಲಕರಣೆಯಿಂದಲೇ ಹೂವಿನ ಒಳ್ಳೆಯ ಸಮೀಪ ಚಿತ್ರವನ್ನು ತೆಗೆಯಬಹುದು ಎಂಬುದನ್ನೂ, ಹಾಗೆ ತೆಗೆಯುವ ಕ್ರಮವೇ ಗೃಹಸ್ಥನಿಗೆ ಒಂದು ಸಣ್ಣ ಸಂಯಮದ ಅಭ್ಯಾಸವಾಗಬಲ್ಲದು ಎಂಬುದನ್ನೂ ವಾಚಕರಲ್ಲಿ ನಿವೇದಿಸುವುದು ಈ ಬರಹದ ಉದ್ದೇಶ.

ನಾನು ಈ ವಿಷಯಕ್ಕೆ ಬಂದದ್ದು ಸ್ವಂತ ಆಸಕ್ತಿಯಿಂದಲ್ಲ. ೨೦೨೩ರ ಚಾತುರ್ಮಾಸದಲ್ಲಿ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ಚಾತುರ್ಮಾಸ ಮುಗಿಯುವವರೆಗೆ ಹೂ ಕೀಳುವುದಿಲ್ಲವೆಂದು ಬಸದಿಯಲ್ಲಿ ನಿಯಮ ತೆಗೆದುಕೊಂಡಳು. ಅದಾಗಿ ಎರಡು ವಾರಗಳಲ್ಲಿ ಶಾಲೆಯಲ್ಲಿ, ಹತ್ತು ಬಗೆಯ ಹೂಗಳನ್ನು ಸಂಗ್ರಹಿಸಿ, ಕಾಗದದ ನಡುವೆ ಒತ್ತಿ ಒಣಗಿಸಿ, ಅವುಗಳ ಭಾಗಗಳನ್ನು ಹೆಸರಿಸಿ ತರಬೇಕೆಂದು ಹೇಳಿದರು. ಅಂಕಗಳಿರುವ ಕೆಲಸ ಅದು. ಮನೆಯಲ್ಲಿ ಒಬ್ಬರು, ನಿಯಮ ತೆಗೆದುಕೊಂಡದ್ದು ಅವಳು, ತಾನೇ ಕೀಳದೆ ಬೇರೆಯವರಿಂದ ಕೀಳಿಸಿದರೆ ಸಾಕಲ್ಲವೇ ಎಂದರು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಒಂದೇ ಎಂದು ಪಾಠಶಾಲೆಯಲ್ಲಿ ಕಲಿತದ್ದನ್ನು ಅವಳು ನಮಗೇ ನೆನಪಿಸಿದಳು. ಅಧ್ಯಾಪಕಿಯವರಲ್ಲಿ ಹೋಗಿ ಕೇಳಿದಾಗ ಅವರು ಉದಾರವಾಗಿಯೇ ಒಂದು ಷರತ್ತು ಹಾಕಿದರು. ಚಿತ್ರಗಳನ್ನು ತರಬಹುದು, ಆದರೆ ಎಸಳುಗಳ ಸಂಖ್ಯೆ, ಕೇಸರಗಳು, ಶಲಾಕೆಯ ತುದಿ, ಹೂವಿನ ಅಳತೆ ಇವು ಚಿತ್ರದಲ್ಲಿ ನಿಸ್ಸಂದೇಹವಾಗಿ ಕಾಣಬೇಕು. “ಅಜ್ಜಾ, ನೀವು ಹಿಂದೆ ಫೋಟೋ ತೆಗೆಯುತ್ತಿದ್ದಿರಲ್ಲ” ಎಂದು ಅವಳು ನನ್ನ ಬಳಿಗೆ ಬಂದಳು. ಹೀಗೆ ನಾವಿಬ್ಬರೂ ಕಲಿಯತೊಡಗಿದೆವು.

ಮೊದಲು ಸಲಕರಣೆಯ ಮಾತು. ಫೋನಿನಿಂದಲೇ ಆರಂಭಿಸಬೇಕೆಂಬುದು ನನ್ನ ಸಲಹೆ. ಫೋನನ್ನು ಹೂವಿಗೆ ಅತಿ ಹತ್ತಿರ ಒಯ್ದರೆ ಚಿತ್ರ ಮಸುಕಾಗುತ್ತದೆ. ಅದರ ನೆರಳೂ ಹೂವಿನ ಮೇಲೆ ಬೀಳುತ್ತದೆ. ಸ್ವಲ್ಪ ಹಿಂದೆ ಸರಿದು ಎರಡು ಪಟ್ಟು ಹಿಗ್ಗಿಸಿ ತೆಗೆಯುವುದು ಮೇಲು. ತೆರೆಯ ಮೇಲೆ ಹೂವಿನ ಮುಖ್ಯ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಅಲ್ಲಿಯೇ ನಿಲ್ಲುತ್ತದೆ. ತುಂಬೆ, ನಂದಿಬಟ್ಟಲಿನಂತಹ ಬಿಳಿಯ ಹೂಗಳಲ್ಲಿ ಎಸಳಿನ ಗೆರೆಗಳು ಅಳಿಸಿಹೋಗಿ ಬರಿಯ ಬಿಳುಪು ಉಳಿಯುವುದುಂಟು. ಆಗ ಬೆಳಕಿನ ಪ್ರಮಾಣವನ್ನು ಕೈಯಿಂದಲೇ ಒಂದಿಷ್ಟು ತಗ್ಗಿಸಬೇಕು. ದಾಸವಾಳದಷ್ಟು ದೊಡ್ಡ ಹೂವಿಗೆ ಇಷ್ಟು ಸಾಕು. ಅದರ ನಡುವಿನ ಕಂಬದ ಮೇಲಿನ ಕೇಸರಗಳೂ, ತುದಿಯಲ್ಲಿ ಐದಾಗಿ ಕವಲೊಡೆದ ಶಲಾಕಾಗ್ರಗಳೂ ಫೋನಿನಲ್ಲಿಯೇ ಸ್ಪಷ್ಟವಾಗಿ ಬಂದವು.

ಕೇಪಳದಂತಹ ಸಣ್ಣ ಹೂವಿಗೆ ಮಾತ್ರ ಹೆಚ್ಚಿನ ಹಿಗ್ಗುವಿಕೆ ಬೇಕಾಯಿತು. ಇದಕ್ಕೆಂದೇ ತಯಾರಾದ ಮ್ಯಾಕ್ರೋ ಮಸೂರಗಳು ದುಬಾರಿ. ಆದರೆ ಮಸೂರ ಬದಲಾಯಿಸಬಹುದಾದ ಸಾಮಾನ್ಯ ಕ್ಯಾಮರಾ ಇದ್ದವರಿಗೆ ಅಗ್ಗದ ಎರಡು ದಾರಿಗಳಿವೆ. ಒಂದು, ಮಸೂರದ ಮುಂದೆ ತಿರುಗಿಸಿ ಕೂರಿಸುವ ಕ್ಲೋಸ್-ಅಪ್ ಗಾಜು. ಇದು ಓದುವ ಕನ್ನಡಕದಂತೆಯೇ ಕೆಲಸ ಮಾಡುತ್ತದೆ. ಕನ್ನಡಕದಂತೆಯೇ ಇದಕ್ಕೂ ನಂಬರು ಇರುತ್ತದೆ. ಕ್ಯಾಮರಾವನ್ನು ಅನಂತ ದೂರಕ್ಕೆ ಹೊಂದಿಸಿದ್ದರೆ +೨ರ ಗಾಜಿನಿಂದ ೫೦ ಸೆಂಟಿಮೀಟರ್ ದೂರದ, +೪ರ ಗಾಜಿನಿಂದ ೨೫ ಸೆಂಟಿಮೀಟರ್ ದೂರದ ವಸ್ತು ಸ್ಪಷ್ಟವಾಗುತ್ತದೆ. ಇನ್ನೊಂದು, ಮಸೂರಕ್ಕೂ ಕ್ಯಾಮರಾಕ್ಕೂ ನಡುವೆ ಇಡುವ ಬರಿದಾದ ಕೊಳವೆ. ಇದನ್ನು ಎಕ್ಸ್‌ಟೆನ್ಷನ್ ಟ್ಯೂಬ್ ಎನ್ನುತ್ತಾರೆ. ಇದರೊಳಗೆ ಗಾಜಿಲ್ಲ, ಕೇವಲ ಗಾಳಿ. ಲೆಕ್ಕವೂ ಸುಲಭ. ೫೦ ಮಿಲಿಮೀಟರ್ ಮಸೂರಕ್ಕೆ ೨೫ ಮಿಲಿಮೀಟರ್ ಕೊಳವೆಯನ್ನು ಸೇರಿಸಿದರೆ ಹೂವಿನ ಅರ್ಧದಷ್ಟು ಗಾತ್ರದ ಬಿಂಬ ಕ್ಯಾಮರಾದೊಳಗೆ ಮೂಡುತ್ತದೆ. ೫೦ ಮಿಲಿಮೀಟರ್ ಕೊಳವೆಯಾದರೆ ಹೂವಿನಷ್ಟೇ ಗಾತ್ರದ ಬಿಂಬ. ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಈಗಿನ ಮಸೂರಗಳ ದ್ಯುತಿರಂಧ್ರವನ್ನು ಕ್ಯಾಮರಾ ವಿದ್ಯುತ್ತಿನ ಮೂಲಕ ನಿಯಂತ್ರಿಸುವುದರಿಂದ, ಆ ಸಂಪರ್ಕವಿಲ್ಲದ ಅತಿ ಅಗ್ಗದ ಕೊಳವೆಯಲ್ಲಿ ಅದನ್ನು ಬದಲಾಯಿಸಲು ಬರುವುದಿಲ್ಲ. ಉಂಗುರ ತಿರುಗಿಸಿ ದ್ಯುತಿರಂಧ್ರವನ್ನು ಹೊಂದಿಸುವ ಹಳೆಯ ಮಸೂರವಿದ್ದವರಿಗೆ ಈ ತೊಡಕಿಲ್ಲ.

ನಾವು ಬಳಸಿದ್ದು ಒಂದು ಫೋನು, ನೆಂಟರಿಂದ ಕೇಳಿ ತಂದ ಒಂದು ಡಿಜಿಟಲ್ ಕ್ಯಾಮರಾ, +೪ರ ಒಂದು ಗಾಜು, ಒಂದು ಕೊಳವೆ. ಇದಕ್ಕಿಂತ ಹೆಚ್ಚಿನದು ಬೇಡವೆಂದು ಮೊದಲೇ ಎಣಿಕೆ ಹಾಕಿಕೊಂಡೆವು. ಈ ಹವ್ಯಾಸ ಹಿಡಿದವರಿಗೆ ಒಂದರ ಹಿಂದೆ ಒಂದರಂತೆ ಮಸೂರಗಳ ಆಸೆ ಹುಟ್ಟುವುದು ಸಹಜ. ಪರಿಗ್ರಹ ಪರಿಮಾಣವೆಂಬುದು ಹೊಲ, ಮನೆ, ಚಿನ್ನಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ತೆಗೆದ ಚಿತ್ರಗಳಿಗೂ ಮಿತಿ ಬೇಕು. ಒಂದು ಹೂವಿನ ನೂರು ಚಿತ್ರಗಳನ್ನು ಕೂಡಿಟ್ಟುಕೊಂಡವನು ಒಂದನ್ನೂ ಸರಿಯಾಗಿ ನೋಡುವುದಿಲ್ಲ.

ಸಮೀಪ ಚಿತ್ರದ ನಿಜವಾದ ಕಷ್ಟ ಸಲಕರಣೆಯದಲ್ಲ, ಸ್ಪಷ್ಟತೆಯ ಆಳದ್ದು. ಹತ್ತಿರ ಹೋದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ನಿಲ್ಲುವ ಪದರ ತೆಳುವಾಗುತ್ತ ಹೋಗುತ್ತದೆ. ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನ ಲೆಕ್ಕದಲ್ಲಿ, ಅರ್ಧ ಗಾತ್ರದ ಬಿಂಬಕ್ಕೆ ಎಫ್ ೮ರಲ್ಲಿ ದೊರೆಯುವ ಆಳ ಸುಮಾರು ೩ ಮಿಲಿಮೀಟರ್. ಪೂರ್ಣ ಗಾತ್ರಕ್ಕಾದರೆ ಸುಮಾರು ೧ ಮಿಲಿಮೀಟರ್ ಮಾತ್ರ. ಎಫ್ ೧೬ಕ್ಕೆ ಹೋದರೆ ಇದು ಇಮ್ಮಡಿಯಾಗುತ್ತದೆ, ಆದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ಹೂವಿನಲ್ಲಿ ಯಾವುದು ಕಾಣಲೇಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಆ ಭಾಗಕ್ಕೆ ಕ್ಯಾಮರಾದ ಬೆನ್ನು ಸಮಾನಾಂತರವಾಗಿರುವಂತೆ ಹಿಡಿಯಬೇಕು. ಎಸಳುಗಳನ್ನು ಎಣಿಸುವುದಾದರೆ ಎದುರಿನಿಂದ, ಹೂವಿನ ನಳಿಕೆಯನ್ನು ತೋರಿಸುವುದಾದರೆ ಪಕ್ಕದಿಂದ. ಒಂದೇ ಚಿತ್ರದಲ್ಲಿ ಎಲ್ಲವೂ ಬರಬೇಕೆಂಬ ಹಟವನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಅಳತೆಗಾಗಿ ದಪ್ಪ ಕಾಗದದ ಮೇಲೆ ಮಿಲಿಮೀಟರ್ ಗೆರೆಗಳನ್ನು ಬರೆದು, ಹೂವಿಗೆ ತಾಗದಂತೆ ಅದರ ಪಕ್ಕದಲ್ಲಿ ಹಿಡಿದೆವು.

ಇನ್ನು ಗಾಳಿ. ಒಂದು ಮಿಲಿಮೀಟರ್ ಆಳದಲ್ಲಿ ಕೆಲಸ ಮಾಡುವವನಿಗೆ ಮಂದಾನಿಲವೂ ಬಿರುಗಾಳಿಯೇ. ದಂಟನ್ನು ಕಟ್ಟುವ ಉಪಾಯ ನಮಗೆ ಬೇಡವಾಗಿತ್ತು, ಉಳಿದದ್ದು ಕಾಯುವುದು. ಸೂರ್ಯೋದಯದ ಆಸುಪಾಸಿನಲ್ಲಿ ಗಾಳಿ ಸಾಮಾನ್ಯವಾಗಿ ನಿಂತಿರುತ್ತದೆ, ಬೆಳಕೂ ಮೃದುವಾಗಿರುತ್ತದೆ. ಗಾಳಿ ಬರುವ ಕಡೆಗೆ ಒಬ್ಬರು ಛತ್ರಿ ಬಿಚ್ಚಿ ಹಿಡಿದರೆ ಇನ್ನೊಬ್ಬರು ತೆಗೆಯಬಹುದು. ಬಿಸಿಲು ಏರಿದ ಮೇಲೆ ತೆಗೆಯಬೇಕಾದರೆ ಹೂವಿನ ಮೇಲ್ಭಾಗದಲ್ಲಿ ಬಟರ್ ಪೇಪರನ್ನೋ ತೆಳುವಾದ ಬಿಳಿಯ ಬಟ್ಟೆಯನ್ನೋ ಹಿಡಿದು ಬಿಸಿಲನ್ನು ಸೋಸಬೇಕು. ನೆರಳಿನ ಬದಿಗೆ ಬಿಳಿಯ ಕಾಗದವನ್ನು ಹಿಡಿದರೆ ಅಲ್ಲಿಗೂ ಬೆಳಕು ಮರಳುತ್ತದೆ. ಕ್ಯಾಮರಾವನ್ನು ನೆಲದ ಮಟ್ಟದಲ್ಲಿ ಇರಿಸಲು ಬೇಳೆ, ಅಕ್ಕಿ ತುಂಬಿದ ಚೀಲವನ್ನು ಬಳಸುವವರಿದ್ದಾರೆ. ಕೆಲವು ತಿಂಗಳಲ್ಲಿ ಅದರೊಳಗೆ ಹುಳು ಹುಟ್ಟುವುದು ಖಂಡಿತ. ಹಳೆಯ ಬಟ್ಟೆಯ ಚೂರುಗಳನ್ನು ತುಂಬಿ ಹೊಲಿದ ಚೀಲ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಗುಂಡಿಯನ್ನು ಒತ್ತುವಾಗ ಆಗುವ ಕಂಪನವನ್ನು ತಪ್ಪಿಸಲು, ಒತ್ತಿದ ಎರಡು ಸೆಕೆಂಡುಗಳ ಬಳಿಕ ಚಿತ್ರ ತೆಗೆಯುವ ಸೌಲಭ್ಯವನ್ನು ಬಳಸಬಹುದು.

ಈ ಅಭ್ಯಾಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಸಂಗತಿಯೊಂದಿದೆ. ಹೂವಿನ ಚಿತ್ರ ತೆಗೆಯುವವನಿಂದ ಹಿಂಸೆಯಾಗುವುದು ಹೆಚ್ಚಾಗಿ ಹೂವಿನಲ್ಲಲ್ಲ, ಅವನ ಮೊಣಕಾಲಿನ ಕೆಳಗೆ. ಕಣ್ಣು ಹೂವಿನಲ್ಲಿ ನೆಟ್ಟಿರುವಾಗ ಕಾಲು, ಮೊಣಕೈ, ಟ್ರೈಪಾಡಿನ ಪಾದಗಳು ಎಲ್ಲಿ ಊರುತ್ತವೆ ಎಂಬುದರ ಪರಿವೆ ಇರುವುದಿಲ್ಲ. ಮಳೆಗಾಲದ ನಮ್ಮ ಕರಾವಳಿಯ ಅಂಗಳದಲ್ಲಿ ಎರೆಹುಳು, ಬಸವನಹುಳು, ಇರುವೆಯ ಸಾಲು, ಈಗಷ್ಟೇ ಮೊಳೆತ ಸಸಿಗಳು ಎಲ್ಲೆಡೆಯೂ ಇರುತ್ತವೆ. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿ ನಡೆಯುವ ಈರ್ಯಾಸಮಿತಿ, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಸ್ಥಳವನ್ನು ನೋಡಿ, ಒರೆಸಿ ವ್ಯವಹರಿಸುವ ಆದಾನನಿಕ್ಷೇಪಣ ಸಮಿತಿ ಇವು ಮುನಿಗಳಿಗೆ ವಿಧಿಸಿದವು. ಶ್ರಾವಕನು ಅವನ್ನು ಪೂರ್ಣವಾಗಿ ಪಾಲಿಸಲಾರದಿದ್ದರೂ ಅವುಗಳ ಒಂದಂಶವನ್ನು ಇಲ್ಲಿ ನೇರವಾಗಿ ಆಚರಣೆಗೆ ತರಬಹುದು. ಕುಳಿತುಕೊಳ್ಳುವ ಮೊದಲು ನೆಲವನ್ನು ನೋಡುವುದು, ಮೆತ್ತನೆಯ ಕಸಬರಿಕೆಯಿಂದ ಮೆಲ್ಲಗೆ ಸವರುವುದು, ಟ್ರೈಪಾಡಿನ ಒಂದೊಂದು ಪಾದವನ್ನೂ ನೋಡಿ ಊರುವುದು, ಕಾಲುದಾರಿಯ ಅಂಚಿನಲ್ಲಿರುವ ಹೂವನ್ನೇ ಆರಿಸಿಕೊಳ್ಳುವುದು. ಇದರಿಂದ ಚಿತ್ರಗಳ ಸಂಖ್ಯೆ ಕಡಿಮೆಯಾಯಿತು, ನಿಜ. ಆದರೆ ಅವಸರ ಹೋದುದರಿಂದ ಚಿತ್ರಗಳ ಗುಣ ಹೆಚ್ಚಿತು.

ಈ ವಿಷಯದಲ್ಲಿ ನಮಗೆ ಗುರುವಾದದ್ದು ನಾಚಿಕೆಮುಳ್ಳು. ಅದರ ನಸುಗೆಂಪು ಚೆಂಡು ಒಂದು ಹೂವಲ್ಲ, ಅನೇಕ ಪುಟ್ಟ ಹೂಗಳ ಗೊಂಚಲು. ಹೊರಗೆ ಚಾಚಿದ ಎಳೆಗಳೆಲ್ಲ ಕೇಸರಗಳು. ಎಲೆಗಳು ಬಿಚ್ಚಿಕೊಂಡಿರುವಂತೆಯೇ ಈ ಹೂವನ್ನು ಚಿತ್ರಿಸಬೇಕೆಂದು ಮೊಮ್ಮಗಳು ಹೊರಟಳು. ಬಟ್ಟೆಯ ಅಂಚು ತಾಗಿದರೂ ಎಲೆ ಮಡಚಿಕೊಳ್ಳುತ್ತಿತ್ತು, ಮತ್ತೆ ಅರಳಲು ಹಲವು ನಿಮಿಷ ಕಾಯಬೇಕಾಗಿತ್ತು. ಸಸ್ಯಗಳಿಗೆ ಸ್ಪರ್ಶವೊಂದೇ ಇಂದ್ರಿಯವೆಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಓದಿದ್ದೇವೆ. ಓದಿದ ಮಾತನ್ನು ಆ ಗಿಡ ಅಂದು ಬೆಳಗ್ಗೆ ಹಲವು ಬಾರಿ ತೋರಿಸಿಕೊಟ್ಟಿತು. ಎಲೆ ಮಡಚದಂತೆ ಚಿತ್ರ ಬಂದಾಗ ಅವಳಿಗಾದ ಸಂತೋಷ ಉಳಿದ ಒಂಬತ್ತು ಹೂಗಳಿಂದ ಆದುದಕ್ಕಿಂತ ಹೆಚ್ಚಿನದಾಗಿತ್ತು.

ಸತ್ಯವ್ರತಕ್ಕೆ ಸಂಬಂಧಿಸಿದ ಒಂದು ಮಾತೂ ಇಲ್ಲಿದೆ. ಸಿಂಪಡಿಸುವ ಶೀಶೆಯಿಂದ ನೀರನ್ನೋ ಗ್ಲಿಸರಿನ್ ಬೆರೆಸಿದ ನೀರನ್ನೋ ಹೂವಿನ ಮೇಲೆ ಚಿಮುಕಿಸಿ, ಬೆಳಗಿನ ಇಬ್ಬನಿಯೆಂದು ತೋರಿಸುವ ಪದ್ಧತಿ ಛಾಯಾಗ್ರಾಹಕರಲ್ಲಿದೆ. ನೀರಿನ ಜೀವಗಳ ವಿಚಾರ ಹಾಗಿರಲಿ, ಇಲ್ಲದ ಇಬ್ಬನಿಯನ್ನು ಇದೆಯೆಂದು ಹೇಳುವ ಚಿತ್ರ ಸುಳ್ಳನ್ನೇ ನುಡಿಯುತ್ತದೆ. ಇಬ್ಬನಿ ಬೇಕಾದವರು ಮುಂಜಾನೆ ಏಳುವುದೊಂದೇ ದಾರಿ.

ಛಾಯಾಗ್ರಹಣಕ್ಕೇ ಸೇರಿದ, ಅನೇಕ ಜೈನ ಕುಟುಂಬಗಳ ಗಮನಕ್ಕೆ ಬಾರದಿರುವ ಒಂದು ವಾಸ್ತವವನ್ನು ಇಲ್ಲಿ ಹೇಳಬೇಕು. ೧೮೭೧ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬವರು ಬೆಳ್ಳಿಯ ಲವಣವನ್ನು ಜೆಲಾಟಿನ್‌ನಲ್ಲಿ ಬೆರೆಸಿ ಫಲಕಕ್ಕೆ ಲೇಪಿಸುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಫಿಲ್ಮಿನ ಮೇಲಿನ ಲೇಪ ಜೆಲಾಟಿನ್‌ನದೇ. ಜೆಲಾಟಿನ್ ತಯಾರಾಗುವುದು ದನ ಮುಂತಾದ ಪ್ರಾಣಿಗಳ ಎಲುಬು ಮತ್ತು ಚರ್ಮಗಳಿಂದ. ನಮ್ಮ ಕಪಾಟುಗಳಲ್ಲಿರುವ ಹಳೆಯ ಪಂಚಕಲ್ಯಾಣದ ಚಿತ್ರಗಳು, ಮದುವೆಯ ಆಲ್ಬಮ್ಮುಗಳು ಎಲ್ಲವೂ ಈ ಲೇಪದಿಂದಲೇ ಮೂಡಿದವು. ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿಲ್ಲ; ಆದುದರಿಂದ ಚಿತ್ರ ತೆಗೆಯುವ ಹಂತದಲ್ಲಿ ಈ ದೋಷ ನೀಗಿತು. ಆದರೆ ಸ್ಟುಡಿಯೋಗಳಲ್ಲಿ ರಾಸಾಯನಿಕಗಳಿಂದ ಸಂಸ್ಕರಿಸಿ ಮುದ್ರಿಸುವ ಫೋಟೋ ಕಾಗದದಲ್ಲಿ ಇಂದಿಗೂ ಜೆಲಾಟಿನ್ ಲೇಪವೇ ಇದೆ. ಹೂವನ್ನು ಕೀಳದೆ ತೆಗೆದ ಚಿತ್ರವನ್ನು ಆ ಕಾಗದದ ಮೇಲೆ ಮುದ್ರಿಸಿದರೆ ಏಕೇಂದ್ರಿಯ ಜೀವಿಯನ್ನು ಉಳಿಸಿ ಪಂಚೇಂದ್ರಿಯ ಜೀವಿಯ ಎಲುಬನ್ನು ಬಳಸಿದಂತಾಗುತ್ತದೆ. ಮೊಮ್ಮಗಳ ಹತ್ತು ಚಿತ್ರಗಳನ್ನು ನಾವು ಸಾಧಾರಣ ಬಿಳಿಯ ಕಾಗದದ ಮೇಲೆ ಕಂಪ್ಯೂಟರ್ ಪ್ರಿಂಟರಿನಲ್ಲಿ ಮುದ್ರಿಸಿದೆವು. ಹೊಳಪು ಕಡಿಮೆ, ಎಸಳುಗಳನ್ನು ಎಣಿಸಲು ಹೊಳಪು ಬೇಕಾಗಿರಲಿಲ್ಲ.

ಹಿರಿಯರೊಬ್ಬರು ಒಂದು ಆಕ್ಷೇಪವನ್ನು ಎತ್ತಿದರು. ರೂಪದಲ್ಲಿ ಕಣ್ಣನ್ನು ನೆಡುವುದು ಚಕ್ಷುರಿಂದ್ರಿಯದ ವಿಷಯಾಸಕ್ತಿಯಲ್ಲವೇ? ಅದನ್ನು ಚಿತ್ರವಾಗಿ ಹಿಡಿದಿಡುವುದು ರಾಗವನ್ನು ಬೆಳೆಸುವುದಲ್ಲವೇ? ಇದು ತಳ್ಳಿಹಾಕುವ ಮಾತಲ್ಲ. ನನ್ನ ಚಿತ್ರ ಇತರರದಕ್ಕಿಂತ ಸುಂದರವಾಗಬೇಕೆಂಬ ಹಂಬಲದಲ್ಲಿ ರಾಗವೂ ಉಂಟು, ಮಾನಕಷಾಯವೂ ಉಂಟು. ಆದರೆ ಅದೇ ನೋಟ ಜೀವಗಳ ಅರಿವಿಗೆ ಕಾರಣವಾದರೆ ಅದರ ಫಲ ಬೇರೆ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಹಿತ್ತಿಲಿನ ಚೆಂಡುಹೂವಿನ ಚಿತ್ರವನ್ನು ಹಿಗ್ಗಿಸಿ ನೋಡುವಾಗ ಎಸಳುಗಳ ಬುಡದಲ್ಲಿ ಉದ್ದನೆಯ ಚುಕ್ಕಿಗಳಂತೆ ಏನೋ ಕಂಡಿತು. ಅವು ಥ್ರಿಪ್ಸ್ ನುಸಿಗಳು, ಒಂದೆರಡು ಮಿಲಿಮೀಟರ್ ಉದ್ದದ ಕೀಟಗಳು. ಒಂದೇ ಹೂವಿನಲ್ಲಿ ಏಳನ್ನು ಎಣಿಸಿದೆವು. ಹಬ್ಬಕ್ಕೆ ಕಿಲೋಗಟ್ಟಲೆ ತರುತ್ತಿದ್ದ ಹೂವು ಅದು. ರತ್ನಕರಂಡ ಶ್ರಾವಕಾಚಾರದಲ್ಲಿ ಬೇವಿನ ಹೂ, ಕೇದಗೆಗಳನ್ನು ಅಲ್ಪಫಲ ಬಹುವಿಘಾತದ ವಸ್ತುಗಳೆಂದು ತ್ಯಜಿಸಲು ಹೇಳಿರುವುದು ನಮಗೆ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದುದು ಕಣ್ಣಿಗೆ ಕಂಡಾಗ ಮನೆಯಾಕೆ ಯಾರ ಉಪದೇಶವೂ ಇಲ್ಲದೆ ಆ ವರ್ಷದಿಂದ ಬಾಗಿಲಿಗೆ ಮಾವಿನೆಲೆಯ ಜೊತೆ ಚೆಂಡುಹೂವಿನ ಮಾಲೆ ಕಟ್ಟುವುದನ್ನು ನಿಲ್ಲಿಸಿದಳು.

ಇದನ್ನು ಬರೆಯುವಾಗ ಪೂಜೆಯಲ್ಲಿ ಹೂವನ್ನು ಬಳಸುವ ಬಗ್ಗೆ ತೀರ್ಪು ಕೊಡುವುದು ನನ್ನ ಅಭಿಪ್ರಾಯವಲ್ಲ. ಬೀಸಪಂಥದ ಪರಂಪರೆಯಲ್ಲಿ ಬಂದ ನಮ್ಮ ಕನ್ನಡನಾಡಿನ ಬಸದಿಗಳಲ್ಲಿ ಪುಷ್ಪಾರ್ಚನೆ ಪ್ರಾಚೀನವಾದ ಆಚಾರ. ಉತ್ತರದ ತೇರಾಪಂಥದವರು ಸಚಿತ್ತವೆಂದು ಹೂವನ್ನು ಬಿಟ್ಟು ಲವಂಗ, ಕೇಸರಿ ಬೆರೆಸಿದ ಅಕ್ಕಿಗಳನ್ನು ಅರ್ಪಿಸುತ್ತಾರೆ. ಎರಡು ಮಾರ್ಗಗಳಲ್ಲಿಯೂ ಶ್ರದ್ಧಾವಂತರಿದ್ದಾರೆ. ಎರಡಕ್ಕೂ ಒಪ್ಪುವ ಮಾತೊಂದಿದೆ: ಅಗತ್ಯಕ್ಕಿಂತ ಹೆಚ್ಚು ಬೇಡ, ನೋಡದೆ ಬೇಡ.

ಬಸದಿಗಳ ಆಡಳಿತ ನಡೆಸುವ ಟ್ರಸ್ಟುಗಳವರಲ್ಲಿ ಕೆಲವು ವಿನಂತಿಗಳಿವೆ. ಆಮಂತ್ರಣ ಪತ್ರಿಕೆ, ಪಂಚಾಂಗ, ಸ್ಮರಣಸಂಚಿಕೆಗಳಿಗೆ ಹೂವಿನ ಚಿತ್ರ ಬೇಕಾದಾಗ ಗಿಡದಲ್ಲಿರುವಂತೆಯೇ ತೆಗೆದುದನ್ನು ಆರಿಸಬಹುದು. ಊರಿನ ಮಕ್ಕಳಿಗೇ ಆ ಕೆಲಸವನ್ನು ವಹಿಸಬಹುದು. ಬಸದಿಯ ಹೂದೋಟದಲ್ಲಿ ಒಂದೊಂದು ಗಿಡದ ಬಳಿ ಅದರ ಹೂವಿನ ಹಿಗ್ಗಿಸಿದ ಚಿತ್ರ, ಕನ್ನಡದ ಹೆಸರು, ಅದನ್ನು ಆಶ್ರಯಿಸಿದ ಜೀವಿಗಳ ಹೆಸರು ಇರುವ ಸಣ್ಣ ಫಲಕವನ್ನಿಟ್ಟರೆ, ‘ಹೂ ಕೀಳಬೇಡಿ’ ಎಂಬ ಬರಿಯ ಆಜ್ಞೆಗಿಂತ ಅದು ಹೆಚ್ಚು ಮನಮುಟ್ಟೀತು. ಪಾಠಶಾಲೆಯಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಭೇದವನ್ನು ಕಲಿಸುವಾಗ ಮಕ್ಕಳನ್ನು ಒಂದು ದಾಸವಾಳದ ಗಿಡದ ಬಳಿಗೆ ಕರೆದೊಯ್ಯಬಹುದು. ಸ್ಪರ್ಶಮಾತ್ರವುಳ್ಳ ಗಿಡ, ಮೂರು ಇಂದ್ರಿಯಗಳ ಇರುವೆ, ನಾಲ್ಕು ಇಂದ್ರಿಯಗಳ ದುಂಬಿ, ನೋಡುತ್ತಿರುವ ಮಕ್ಕಳು, ಎಲ್ಲರೂ ಅಲ್ಲಿಯೇ ಸಿಗುತ್ತಾರೆ.

ಮುನಿಗಳ ಆಹಾರಚರ್ಯೆಗೆ ಇರುವ ಹೆಸರುಗಳಲ್ಲಿ ಭ್ರಾಮರೀ ವೃತ್ತಿ ಎಂಬುದೂ ಒಂದು. ದುಂಬಿ ಹೂವಿಗೆ ಬಾಧೆಯಾಗದಂತೆ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಹೋಗುವ ರೀತಿಯನ್ನು ಅದು ಹೇಳುತ್ತದೆ. ಚಿತ್ರ ತೆಗೆಯುವ ಗೃಹಸ್ಥನಿಗೂ ಇದಕ್ಕಿಂತ ಮೇಲಾದ ಆದರ್ಶವನ್ನು ನಾನು ಕಾಣೆ. ದುಂಬಿ ಬಂದಾಗ ಕ್ಯಾಮರಾವನ್ನು ಹಿಂದೆಗೆದು ಅದಕ್ಕೆ ದಾರಿ ಬಿಡಬೇಕು. ಏಕೆಂದರೆ ಅದು ಬಂದಿರುವುದು ಆಹಾರಕ್ಕೆ, ನಾವು ಬಂದಿರುವುದು ಚಿತ್ರಕ್ಕೆ. ಅದು ಹೋದ ಮೇಲೆ ಹೂವು ಅಲ್ಲಿಯೇ ಇರುತ್ತದೆ. ನಾವು ಎದ್ದು ಬಂದ ಮೇಲೂ ಅದು ಹಾಗೆಯೇ ಇದ್ದರೆ ನಮ್ಮ ಕೆಲಸ ಸರಿಯಾಗಿ ನಡೆದಿದೆ ಎಂದು ತಿಳಿಯಬಹುದು.